ಸಂಚಿಯ ಒಳತಗಡು

ಇದ್ದಿಲು ವ್ಯಾಪಾರಿ ಮೊಹೇಯಿಗೆ ಅಭಿರುಚಿ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಕಾಂದಾ ಪೇಟೆಯಲ್ಲಿ ಎರಡು ಉಗ್ರಾಣ, ಬೆಂಕಿ ಬಿದ್ದರೂ ಉಳಿಯುವಂಥ ಮಣ್ಣಿನ ದಪ್ಪ ಗೋಡೆ, ಎದುರುತ್ತರ ಕೊಡುವ ಹೆಂಡತಿ, ಐವತ್ತರ ಹತ್ತಿರ ಬಂದರೂ ಒಂದೂ ಅಲುಗದ ಹಲ್ಲುಗಳು. ದಿನವಿಡೀ ಇದ್ದಿಲ ಪುಡಿಯಲ್ಲಿ ನಿಂತ ಮುಖದಲ್ಲಿ ಆ ಹಲ್ಲುಗಳು ಬೀದಿಯ ಆಚೆ ತುದಿಗೂ ಕಾಣುತ್ತಿದ್ದವು. ಅಭಿರುಚಿಯೊಂದು ಇಲ್ಲ ಎಂದು ಯಾರೂ ಹೇಳದಿದ್ದರೆ ಅವನು ಸುಖವಾಗಿಯೇ ಸಾಯುತ್ತಿದ್ದ. ಹೇಳಿದವರು ಹೊಗೆ ಕೂಟದವರು.

ಹೊಗೆ ಕೂಟ ತಿಂಗಳಿಗೊಮ್ಮೆ, ಮಧ್ಯಾಹ್ನದ ಹೊತ್ತು, ಯಾನಾಗಿ ಸೇತುವೆಯ ಪಕ್ಕದಲ್ಲಿ ನದಿಗೆ ಆತುಕೊಂಡಿದ್ದ ಒಂದು ಹಾವುಮೀನಿನ ಊಟದ ಮನೆಯ ಮಹಡಿಯಲ್ಲಿ ಸೇರುತ್ತಿತ್ತು. ತಂಬಾಕು ಸೇದುವುದು ನೆಪ. ಸೇರುತ್ತಿದ್ದದ್ದು ಒಬ್ಬರ ಸೊಂಟದ ತಂಬಾಕು ಸಂಚಿಯನ್ನು ಇನ್ನೊಬ್ಬರು ನೋಡುವುದಕ್ಕೆ, ನೋಡಿಯೂ ನೋಡದ ಹಾಗೆ ಇರುವುದಕ್ಕೆ. ಸಂಚಿ ಎಂದರೆ ಚರ್ಮವಲ್ಲ. ಅದರ ಮುಚ್ಚಳದ ಮೇಲೆ ಕೂತಿರುವ ಲೋಹದ ಕೊಂಡಿ. ಚರ್ಮ ಎಲ್ಲರ ಬಳಿಯೂ ಇರುತ್ತದೆ, ಹಸುವಿನ ಬಳಿಯೂ.

ಮೊಹೇಯಿ ಮೊದಲ ಸಲ ಅಲ್ಲಿಗೆ ಹೋದಾಗ ಅಂಗೈಯಗಲದ ಬಂಗಾರದ ಡ್ರ್ಯಾಗನ್ ಕೊಂಡಿ ಹಾಕಿಸಿಕೊಂಡು ಹೋಗಿದ್ದ. ಡ್ರ್ಯಾಗನ್ನಿನ ಕಣ್ಣಿಗೆ ಹವಳ ಬೇರೆ. ಮಹಡಿಯಲ್ಲಿ ಎಲ್ಲರೂ ಒಂದು ಕ್ಷಣ ಚಿಲುಮೆ ಬಾಯಿಂದ ತೆಗೆದರು. ಜವಳಿ ವ್ಯಾಪಾರಿ ಸೋಶಿಚಿ ಮೊದಲು ಬಾಯಿ ಬಿಟ್ಟ.

"ಮೊಹೇಯಿಯವರೇ, ಒಂದು ಅನುಮಾನ. ಸಂಚಿಗೆ ಕೊಂಡಿ ಹಾಕಿಸಿದ್ದೀರೋ, ಕೊಂಡಿಗೆ ಸಂಚಿ ಹಾಕಿಸಿದ್ದೀರೋ?"

ಎಲ್ಲರೂ ನಕ್ಕರು. ಮೊಹೇಯಿಯೂ ಹಲ್ಲು ಬಿಟ್ಟು ನಕ್ಕ. ಅದು ಹೊಗಳಿಕೆ ಅಲ್ಲವೆಂದು ಅವನಿಗೆ ಗೊತ್ತಾದದ್ದು ಮನೆಗೆ ಹೋಗಿ ಹೆಂಡತಿ ಓತಕಿಗೆ ಹೇಳಿದ ಮೇಲೆ.

ಕೂಟದ ಹಿರಿಯ ರಿಹೇಯಿ. ಸಾಕೆ ಮದ್ಯದ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ಬೆಳಗಿನಿಂದ ಸಂಜೆಯವರೆಗೆ ಅಭಿರುಚಿಯನ್ನೇ ಕಸುಬು ಮಾಡಿಕೊಂಡಿದ್ದ ಮುದುಕ. ಅವನು ಮೊಹೇಯಿಯನ್ನು ಪಕ್ಕಕ್ಕೆ ಕರೆದು, ಕೆಟ್ಟ ವಾಸನೆಯ ಬಗ್ಗೆ ಹೇಳುವಷ್ಟು ಮೆತ್ತಗೆ ಹೇಳಿದ:

"ಹೊರಗೆ ಮಿಂಚೋದು ಹಳ್ಳಿಯವರ ಬುದ್ಧಿ. ಒಳಗೆ ಮಿಂಚೋದು ನಮ್ಮ ಹಳೇ ಎದೋ ಊರಿನ ಬುದ್ಧಿ. ಮುಚ್ಚಳದ ಮೇಲೆ ಏನಿದೆ ಅನ್ನೋದು ಮುಖ್ಯ ಅಲ್ಲಪ್ಪ. ಮುಚ್ಚಳ ಎತ್ತಿದರೆ ಅದರ ಒಳಮೈಗೆ ಕೊಂಡಿಯ ಮೊಳೆ ಹಿಡಿಯೋ ತಗಡು ಒಂದಿರುತ್ತಲ್ಲ, ಅಲ್ಲಿ ಏನಿದೆ ಅನ್ನೋದು."

"ಅದನ್ನ ಯಾರು ನೋಡ್ತಾರೆ?"

"ಯಾರೂ ನೋಡಲ್ಲ. ಅದೇ ಸೊಗಸು."

ಕೂಟಕ್ಕೆ ಇದರ ಬಗ್ಗೆ ಕಟ್ಟಳೆಯೂ ಇತ್ತು. ತನ್ನ ಸಂಚಿಯ ಒಳಮೈಯನ್ನು ತಾನಾಗಿ ಯಾರಿಗೂ ತೋರಿಸುವಂತಿಲ್ಲ. ತಂಬಾಕು ತೆಗೆಯುವಾಗ ಮುಚ್ಚಳವನ್ನು ಎದೆಯ ಕಡೆಗೆ ವಾಲಿಸಿಕೊಳ್ಳಬೇಕು. ಬೇರೆಯವರು ಬಾಯಿಬಿಟ್ಟು ಕೇಳಬೇಕು. ಒಮ್ಮೆ ಕೇಳಿದರೆ "ಕಸ, ಕಸ" ಎನ್ನಬೇಕು. ಎರಡನೆಯ ಸಲ ಕೇಳಿದರೆ "ನಿಮ್ಮ ಕಣ್ಣಿಗೆ ಯಾಕೆ ತೊಂದರೆ" ಎನ್ನಬೇಕು. ಮೂರನೆಯ ಸಲ ಕೇಳಿದರೆ ತೋರಿಸಲೇಬೇಕು. ತೋರಿಸದಿದ್ದರೆ ಕೇಳಿದವನಿಗೆ ಅವಮಾನ.

ರಿಹೇಯಿಯ ಸಂಚಿಯ ಒಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ. ಅಷ್ಟು ದೊಡ್ಡವರನ್ನು ಕೇಳುವ ಧೈರ್ಯ ಯಾರಿಗಿದೆ? ಹೊರಗೆ ಕಂಚಿನ ಒಂದು ಬೋಳು ಬಿಲ್ಲೆ, ಅಷ್ಟೇ. ಒಳಗೆ ಹಿಂದೆ ಆಳಿದ ಶೋಗುನರ ಕಾಲದ ಕುಸುರಿ ಇದೆ ಎಂದು ಕೆಲವರು. ಹುಲಿಯೊಂದಿದೆ, ಅದರ ಮೀಸೆ ಬೆಳ್ಳಿಯ ಎಳೆ ಎಂದು ಸೋಶಿಚಿ. ರಿಹೇಯಿ ಹೌದು ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಿರಲಿಲ್ಲ, ಹೊಗೆ ಬಿಡುತ್ತಿದ್ದ.

ಆ ವರ್ಷದ ವಸಂತದಲ್ಲಿ ಕೂಟದ ಮೇಲಿನ ಸಾಲಿನವನೊಬ್ಬ ಸತ್ತು, ಕಿಟಕಿಯ ಪಕ್ಕದ ಆಸನ ಖಾಲಿಯಾಯಿತು. ವರ್ಷದ ಕೊನೆಯ ಕೂಟದಲ್ಲಿ ಅದಕ್ಕೆ ಒಬ್ಬರನ್ನು ಆರಿಸುತ್ತೇನೆ ಎಂದು ರಿಹೇಯಿ ಹೇಳಿದ. ಮೊಹೇಯಿ ಕೂರುತ್ತಿದ್ದದ್ದು ಮೆಟ್ಟಿಲ ಬಾಯಲ್ಲಿ. ಅಲ್ಲಿ ಕೂತವನ ಬೆನ್ನಿಗೆ ಅಡುಗೆಮನೆಯ ಹೊಗೆ, ಬರುವವರ ಹೋಗುವವರ ಮೊಣಕಾಲು. ಅವತ್ತಿನಿಂದ ಅವನಿಗೆ ಆ ಕಿಟಕಿಯ ಪಕ್ಕದ ಚಾಪೆಯ ಹೊರತು ಲೋಕದಲ್ಲಿ ಬೇರೇನೂ ಬೇಡವಾಯಿತು.

ಅವನು ನೇರ ಕ್ಯೂಸೈಯ ಹತ್ತಿರ ಹೋದ. ಕ್ಯೂಸೈ ಮೊದಲು ಕತ್ತಿಗಳ ಹಿಡಿಗೆ, ಒರೆಗೆ ಅಲಂಕಾರದ ಸಾಮಾನು ಮಾಡುತ್ತಿದ್ದವನು. ಯಾರೂ ಕತ್ತಿ ಕಟ್ಟಿಕೊಂಡು ಓಡಾಡಬಾರದು ಎಂದು ಸರ್ಕಾರ ಆಜ್ಞೆ ಮಾಡಿದ ಮೇಲೆ ಕತ್ತಿಯವರು ಪೊಲೀಸರಾದರು, ಶಾಲೆ ಮಾಸ್ತರರಾದರು. ಕ್ಯೂಸೈ ಅದೇ ಉಳಿಯಲ್ಲಿ ತಂಬಾಕು ಸಂಚಿಯ ಕೊಂಡಿ ಕೆತ್ತತೊಡಗಿದ. ಅದರ ಬಗ್ಗೆ ಅವನಿಗೆ ದುಃಖವೇನೂ ಇರಲಿಲ್ಲ. "ಅವರು ಮಾತುಮಾತಿಗೆ ಕತ್ತಿ ಮುಟ್ಕೊಳ್ತಿದ್ದರು. ಇವರು ಬರೀ ಕೆಮ್ತಾರೆ" ಎನ್ನುತ್ತಿದ್ದ.

"ಹೊರಗೆ ಏನೂ ಇರಬಾರದು. ಒಳಗೆ ಎಲ್ಲಾ ಇರಬೇಕು" ಎಂದ ಮೊಹೇಯಿ.

ಕ್ಯೂಸೈ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿಮ್ಮ ಹಾಗಲ್ಲ ಅನ್ನಿ."

"ಚಿತ್ರ ಏನು ಹಾಕ್ತೀರಿ?"

"ಕೊಡೋವಾಗ ನೋಡಿ. ಈಗಲೇ ಹೇಳಿದರೆ ನೀವು ಅದಕ್ಕೊಂದು ಡ್ರ್ಯಾಗನ್ ಸೇರಿಸಿ ಅಂತೀರಿ."

ಮಳೆಗಾಲ ಹಿಡಿದು ಮೊದಲ ಮಂಜು ಬೀಳುವವರೆಗೆ ಕ್ಯೂಸೈ ಕೆಲಸ ಮಾಡಿದ. ಹೊರಗಿನ ಕೊಂಡಿ ಕಬ್ಬಿಣ. ಹಳೆಯ ದೇವದಾರು ಮರದ ತೊಗಟೆಯ ಹಾಗೆ ಬಡಿದದ್ದು, ಅಷ್ಟೇ. ದಾರಿಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗುವಂಥದ್ದಲ್ಲ. ಒಳತಗಡು ಮಾತ್ರ ಬೇರೆ. ತಾಮ್ರಕ್ಕೆ ತುಸು ಬಂಗಾರ ಬೆರೆಸಿ, ಮೂಲಂಗಿಯ ತುರಿ ಬಳಿದು, ಹದದ ನೀರಿನಲ್ಲಿ ಕುದಿಸಿ ತೆಗೆದ ಕಪ್ಪು. ಕಾಗೆ ಒದ್ದೆಯಾದಾಗ ಅದರ ರೆಕ್ಕೆಗೆ ಬರುವಂಥ ನೀಲಿ ಕಪ್ಪು. ಆ ಕಪ್ಪು ರಾತ್ರಿಯ ನಡುವೆ ಕೊರೆದು ಕೂರಿಸಿದ ನೀರು ಬೆಳ್ಳಿ. ನೀರಿನಲ್ಲಿ ಬಿದ್ದ ಚಂದ್ರ ಬಂಗಾರ. ಮೇಲಿನ ಕೊಂಬೆಗೆ ಒಂದು ಕೈಯಲ್ಲಿ ಜೋತುಬಿದ್ದು, ಇನ್ನೊಂದು ಕೈಯನ್ನು ನೀರಿನ ಚಂದ್ರನಿಗೆ ಚಾಚಿದ ಕೋತಿ ಕೆಂಪು ತಾಮ್ರ. ಕೋತಿಯ ಮೈಯ ಒಂದೊಂದು ಕೂದಲೂ ಬೇರೆಯಾಗಿತ್ತು. ಅದು ಹಲ್ಲು ಕಿರಿದಿತ್ತು. ಹಲ್ಲು ಬೆಳ್ಳಿ.

ಮೊಹೇಯಿ ಮನೆಗೆ ತಂದು ಹೆಂಡತಿಯ ಮುಂದೆ ಮುಚ್ಚಳ ಎತ್ತಿದ. ಹೆಂಡತಿಗೆ ಕೂಟದ ಕಟ್ಟಳೆ ಅನ್ವಯಿಸುತ್ತಿರಲಿಲ್ಲ.

"ಮೂಲಂಗಿ ಹಾಕಿ ಕುದಿಸಿದ್ದಾ? ಹಾಗಾದ್ರೆ ಅನ್ನಕ್ಕೆ ಆಗುತ್ತೆ" ಎಂದಳು ಓತಕಿ. ಆಮೇಲೆ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ರೀ, ಈ ಕೋತಿ ಯಾರ ಹಾಗಿದೆ ಗೊತ್ತಾ?"

"ಯಾರ ಹಾಗೆ?"

"ಹಲ್ಲು ನೋಡಿ."

"ಕೋತಿಗೆ ಹಲ್ಲು ಇರಬಾರದಾ? ನಿನಗೆ ಕಲೆ ತಿಳಿಯಲ್ಲ ಕಣೇ."

"ನನಗೆ ಕಲೆ ತಿಳಿಯಲ್ಲ. ನಿಮ್ಮ ಮುಖ ತಿಳಿಯುತ್ತೆ."

ಮೊಹೇಯಿ ಸಂಚಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಟಕ್ಕೆ ಹೋದ. ಮೆಟ್ಟಿಲ ಬಾಯಲ್ಲಿ ಕೂತ. ಕಾದ. ಯಾರೂ ಕೇಳಲಿಲ್ಲ.

ಕೇಳುವುದಕ್ಕೆ ಕಾರಣವಾದರೂ ಏನಿತ್ತು? ಕಬ್ಬಿಣ ಅಷ್ಟು ಚೆನ್ನಾಗಿ ಕೆಟ್ಟದಾಗಿತ್ತು. ಬಂಗಾರದ ಡ್ರ್ಯಾಗನ್ನಿಂದ ತುಕ್ಕಿನ ತುಂಡಿಗೆ ಇಳಿದವನನ್ನು ನೋಡಿ ಅವರು ಅರ್ಥ ಮಾಡಿಕೊಂಡದ್ದು ಒಂದೇ: ಇದ್ದಿಲ ವ್ಯಾಪಾರ ಕುಸಿದಿದೆ. ಸೋಶಿಚಿ ಅವನ ತಟ್ಟೆಗೆ ತನ್ನ ಪಾಲಿನ ಹಾವುಮೀನಿನ ತುಂಡೊಂದನ್ನು ಹಾಕಿ, "ತಿನ್ನಿ ತಿನ್ನಿ, ಎಲ್ಲರಿಗೂ ಕಷ್ಟ ಬರುತ್ತೆ" ಎಂದ. ವಾರದೊಳಗೆ ಪೇಟೆಯಲ್ಲಿ ಸುದ್ದಿ ಹಬ್ಬಿತು. ಬೆಟ್ಟದಿಂದ ಇದ್ದಿಲು ತರುವವರು ಮೂಟೆ ಇಳಿಸುವ ಮೊದಲು ಉಗ್ರಾಣದ ಒಳಗೆ ಇಣುಕಿ ನೋಡತೊಡಗಿದರು.

ಮೊಹೇಯಿ ಉಪಾಯ ಮಾಡಿದ. ಅವನಿಗೆ ಹೊಗೆ ಒಗ್ಗುತ್ತಿರಲಿಲ್ಲ; ಆದರೂ ಮುಚ್ಚಳ ಎತ್ತುವ ನೆಪಕ್ಕೆ ಬಿಡದೆ ಸೇದಿದ, ಕಣ್ಣಲ್ಲಿ ನೀರು ಬರುವವರೆಗೆ. ಬೆಳಕು ಬೀಳುವ ಕಡೆಗೆ ತಿರುಗಿ ಕೂತ. ಕೊಂಡಿಯನ್ನು ಟಪ್ಪೆಂದು ಸದ್ದು ಮಾಡಿ ಮುಚ್ಚಿದ. "ಈ ಒಳಗಿನ ತಗಡು ಸ್ವಲ್ಪ ಸಡಿಲ ಆಗಿದೆ ಅಂತ ಕಾಣುತ್ತೆ" ಎಂದು ಗಾಳಿಗೆ ಹೇಳಿದ. ಗಾಳಿ ಕೇಳಲಿಲ್ಲ. ಕೊನೆಗೆ ಒಂದು ದಿನ ರಿಹೇಯಿಯ ಮನೆಗೆ ಚಹಾಕ್ಕೆ ಹೋಗಿ, ಬರುವಾಗ ಸಂಚಿಯನ್ನು ಬೇಕೆಂತಲೇ ಅಲ್ಲಿ ಮರೆತು ಬಂದ. ಮುದುಕ ಕುತೂಹಲಕ್ಕಾದರೂ ತೆರೆಯದೆ ಇರುತ್ತಾನೆಯೇ?

ಮಾರನೆಯ ದಿನ ಸಂಚಿ ವಾಪಸು ಬಂತು. ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ದಾರದ ಗಂಟಿಗೆ ಕಾಗದದ ಮುದ್ರೆ ಅಂಟಿಸಿತ್ತು. ತಂದ ಆಳು ಯಜಮಾನರ ಮಾತನ್ನು ಒಪ್ಪಿಸಿದ: "ಬೇರೆಯವರ ಸಂಚಿ ತೆರೆಯೋ ಮನುಷ್ಯ ನಾನಲ್ಲ. ನಿಶ್ಚಿಂತೆಯಾಗಿರಿ."

"ಎಂಥಾ ದೊಡ್ಡ ಮನಸ್ಸು!" ಎಂದಳು ಓತಕಿ. ಮೊಹೇಯಿ ಆ ದಿನ ಊಟ ಮಾಡಲಿಲ್ಲ.

ವರ್ಷದ ಕೊನೆಯ ಕೂಟ ಹತ್ತಿರ ಬಂತು. ಇನ್ನು ಕೇಳುವವರನ್ನು ಮನೆಯಿಂದಲೇ ಕರೆದುಕೊಂಡು ಹೋಗದೆ ದಾರಿಯಿರಲಿಲ್ಲ. ಓತಕಿಗೆ ಕಾಂಕಿಚಿ ಎಂಬ ತಮ್ಮನಿದ್ದ. ಮೀನು ಅರೆದು ಉಂಡೆ ಮಾಡಿ ಮಾರುತ್ತಿದ್ದ; ಕೂಟಕ್ಕೆ ಒಬ್ಬ ಅತಿಥಿಯನ್ನು ಕರೆತರಬಹುದಿತ್ತು. ಮೊಹೇಯಿ ಅವನನ್ನು ಕೂರಿಸಿಕೊಂಡು ಪಾಠ ಹೇಳಿಕೊಟ್ಟ.

"ಹೋದ ತಕ್ಷಣ ನನ್ನನ್ನೇ ಕೇಳಬೇಡ. ಮೊದಲೇ ಮಾತಾಡ್ಕೊಂಡು ಬಂದಿದ್ದಾರೆ ಅಂತ ಗೊತ್ತಾಗಿಬಿಡುತ್ತೆ. ಮೊದಲು ಹಿರಿಯರನ್ನ ಕೇಳು, ಮರ್ಯಾದೆಗೆ. ಎರಡು ಸಲ ಕೇಳಿ ಬಿಟ್ಟುಬಿಡು. ಆಮೇಲೆ ನನ್ನ ಕಡೆ ತಿರುಗಿ ಮೂರು ಸಲ ಕೇಳು."

"ಅವರಿಗೆ ಎರಡು, ನಿಮಗೆ ಮೂರು."

"ಹೂಂ."

"ಭಾವ, ಇಷ್ಟೆಲ್ಲ ಯಾಕೆ? ತೆಗೆದು ತೋರಿಸಿಬಿಡಿ."

"ಮೀನು ಅರೆಯೋನಿಗೆ ಇದು ಅರ್ಥ ಆಗಲ್ಲ."

"ಆಗಲ್ಲ. ನಮ್ಮ ಉಂಡೆ ಒಳಗೂ ಮೀನೇ, ಹೊರಗೂ ಮೀನೇ" ಎಂದ ಕಾಂಕಿಚಿ. ಆದರೂ ಹಾವುಮೀನಿನ ಊಟ ಇದೆ ಎಂದು ಒಪ್ಪಿದ.

ಅವತ್ತು ಚಳಿ ಜೋರಾಗಿತ್ತು, ಸಾಕೆ ಬಿಸಿಯಾಗಿತ್ತು. ಕಾಂಕಿಚಿಗೆ ಎರಡೂ ಹೊಸತಲ್ಲ, ಆದರೆ ಬಿಟ್ಟಿ ಸಾಕೆ ಹೊಸತು. ಮುಖವೆಲ್ಲ ಕೆಂಪಾದ ಮೇಲೆ ರಿಹೇಯಿಯ ಮುಂದೆ ಹೋಗಿ ಮಂಡಿಯೂರಿ ಹಣೆ ಚಾಪೆಗೆ ತಾಗಿಸಿದ.

"ಹಿರಿಯರ ಸಂಚಿಯ ಒಳಗನ್ನ ಒಂದು ಸಲ ನೋಡೋ ಭಾಗ್ಯ ಕೊಡಬೇಕು."

ರಿಹೇಯಿಯ ಚಿಲುಮೆ ಅರ್ಧದಲ್ಲಿ ನಿಂತಿತು.

"ಕಸ, ಕಸ" ಎಂದ.

"ಹಾಗಂದ್ರೆ ಹೇಗೆ? ಊರೆಲ್ಲ ಹುಲಿ ಇದೆ ಅಂತಾರೆ. ತೋರಿಸಿ."

"ನಿಮ್ಮ ಕಣ್ಣಿಗೆ ಯಾಕೆ ತೊಂದರೆ."

ಇಲ್ಲಿಗೆ ನಿಲ್ಲಿಸಬೇಕಿತ್ತು. ಮೊಹೇಯಿ ಮೆಟ್ಟಿಲ ಬಾಯಿಂದ ಕೆಮ್ಮಿದ. ಕಾಂಕಿಚಿ ತಿರುಗಿ ನೋಡಿದ. ಯಾರಿಗೆ ಎರಡು, ಯಾರಿಗೆ ಮೂರು ಎಂಬುದು ಅವನ ತಲೆಯಲ್ಲಿ ಸಾಕೆಯ ಜೊತೆ ಕಲಸಿಹೋಗಿತ್ತು. ಭಾವ ಹುರಿದುಂಬಿಸುತ್ತಿದ್ದಾರೆ ಎಂದುಕೊಂಡ.

"ನನ್ನ ಕಣ್ಣಿಗೆ ಏನೂ ತೊಂದರೆ ಇಲ್ಲ, ಅಜ್ಜ. ತೋರಿಸಿಬಿಡಿ!"

ಮೂರನೆಯದು. ಕಟ್ಟಳೆ ಮಾಡಿದವನೇ ರಿಹೇಯಿ. ಅವನು ಸುತ್ತ ನೋಡಿದ; ತಪ್ಪಿಸಿಕೊಳ್ಳುವುದಕ್ಕೆ ಒಂದು ಕೆಮ್ಮೂ ಬರಲಿಲ್ಲ. ನಿಧಾನವಾಗಿ ಸೊಂಟದಿಂದ ಸಂಚಿ ತೆಗೆದು, ಮುಚ್ಚಳ ಎತ್ತಿ, ಒಳಮೈಯನ್ನು ಜನರ ಕಡೆ ತಿರುಗಿಸಿದ.

ಹುಲಿ ಇರಲಿಲ್ಲ. ಮೀಸೆಯೂ ಇರಲಿಲ್ಲ. ಸೀಮೆಎಣ್ಣೆಯ ಡಬ್ಬದಿಂದ ಕತ್ತರಿಸಿದ ತಗಡಿನ ಒಂದು ತುಂಡು, ಅದರ ಮೇಲೆ ಯಾವುದೋ ವಿದೇಶಿ ಅಕ್ಷರದ ಅರ್ಧ, ಎರಡು ಬಗ್ಗಿದ ಮೊಳೆ. ಇಷ್ಟೇ.

ಕೆಳಗೆ ನದಿಯಲ್ಲಿ ದೋಣಿಯವನೊಬ್ಬ ಇನ್ನೊಬ್ಬನನ್ನು ಬೈಯುತ್ತಿದ್ದದ್ದು ಕೇಳಿಸಿತು. ರಿಹೇಯಿಯ ಕಿವಿ ಕೆಂಪಾಗುತ್ತಿತ್ತು. ಆಗ ಸೋಶಿಚಿ ಉಸಿರು ಎಳೆದುಕೊಂಡ.

"ಆಹಾ!"

ಎಲ್ಲರೂ ಅವನತ್ತ ನೋಡಿದರು.

"ಅರ್ಥ ಆಗಲಿಲ್ವಾ? ನಾವೆಲ್ಲ ಹೊರಗಿಂದ ಅಡಗಿಸಿ ಒಳಗೆ ಇಟ್ಟುಕೊಂಡಿದ್ದೀವಿ. ಹಿರಿಯರು ಅಡಗಿಸೋ ಆಸೇನೇ ಬಿಟ್ಟಿದ್ದಾರೆ! ಎಣ್ಣೆ ಡಬ್ಬ! ಏನು ಎದೆಗಾರಿಕೆ!"

"ಆ ಅರ್ಧ ಅಕ್ಷರ ನೋಡಿ" ಎಂದ ಇನ್ನೊಬ್ಬ. "ಪೂರ್ತಿ ಇದ್ದಿದ್ದರೆ ಕೆಟ್ಟುಹೋಗ್ತಿತ್ತು."

"ಮೊಳೆ ಬಗ್ಗಿರೋ ರೀತಿ!"

ರಿಹೇಯಿಯ ಕಿವಿ ಮೊದಲಿನ ಬಣ್ಣಕ್ಕೆ ಬಂತು. ಅವನು ಸಂಚಿಯನ್ನು ಅವಸರವಿಲ್ಲದೆ ಮುಚ್ಚಿ, "ಅಂತೂ ಒಂದು ದಿನ ನೀವೇ ಕಂಡುಕೊಳ್ತೀರಿ ಅಂತ ಕಾಯ್ತಿದ್ದೆ" ಎಂದ. ಆಮೇಲೆ, ಬದುಕಿಕೊಂಡವನ ಉತ್ಸಾಹದಲ್ಲಿ, "ಇವತ್ತು ಎಲ್ಲರದೂ ನೋಡೋಣ. ಮೇಲಿನ ಸಾಲಿಂದ ಶುರುಮಾಡಿ. ಕಿಟಕಿ ಪಕ್ಕ ಯಾರು ಕೂರಬೇಕು ಅನ್ನೋದು ಅದರಲ್ಲೇ ಗೊತ್ತಾಗುತ್ತೆ" ಎಂದ.

ಒಬ್ಬೊಬ್ಬರಾಗಿ ಮುಚ್ಚಳ ಎತ್ತಿದರು. ಒಬ್ಬನದು ಬೆಳ್ಳಿಯ ಕೊಕ್ಕರೆ. ನೋಡಿದವರು ಗಂಟಲು ಸರಿಮಾಡಿಕೊಂಡರು. ಇನ್ನೊಬ್ಬನದು ಬಂಗಾರದ ಸೇವಂತಿಗೆ. ಅವನು ತಾನೇ ಹೆಬ್ಬೆರಳಿನಿಂದ ಅದನ್ನು ಮರೆಮಾಡಿಕೊಂಡು, "ಮಾವನವರು ಕೊಟ್ಟದ್ದು, ಏನು ಮಾಡೋದು" ಎಂದ. ಹೋದ ತಿಂಗಳವರೆಗೆ ಮನೆಯ ಹಿರಿಮೆಯಾಗಿದ್ದದ್ದೆಲ್ಲ ಒಂದು ಚಿಲುಮೆ ಸೇದುವಷ್ಟರಲ್ಲಿ ಹಳ್ಳಿಯಾಗಿಹೋಯಿತು. ಸರದಿ ಮೆಟ್ಟಿಲ ಕಡೆಗೆ ಇಳಿದುಬರುತ್ತಿತ್ತು.

ಮೊಹೇಯಿ ಹೊಟ್ಟೆ ಹಿಡಿದುಕೊಂಡು ಎದ್ದ.

ಕೆಳಗಿನ ಶೌಚದ ಕೋಣೆ ನದಿಯ ಮೇಲೆ ಚಾಚಿಕೊಂಡಿತ್ತು. ಅದಕ್ಕೆ ಒಂದು ಚಿಕ್ಕ ಕಿಟಕಿ. ಅವನು ಬಾಗಿಲು ಹಾಕಿಕೊಂಡು ಸಂಚಿ ತೆರೆದ. ನದಿಯಿಂದ ಬಂದ ಬೆಳಕು ತಗಡಿನ ಮೇಲೆ ಬಿತ್ತು. ಬೇರೆಯವರಿಗೆ ತೋರಿಸುವ ಆತುರದಲ್ಲಿ ಅವನು ಅದನ್ನು ತಾನೇ ಸರಿಯಾಗಿ ನೋಡಿರಲಿಲ್ಲ. ಕೋತಿಯ ಹಲ್ಲು ನೋಡಿದ. ಓತಕಿ ಹೇಳಿದ್ದು ನಿಜವಾಗಿತ್ತು. ಚಾಚಿದ ಬೆರಳಿಗೂ ಚಂದ್ರನಿಗೂ ನಡುವೆ ಒಂದು ಎಳೆಯಷ್ಟು ಜಾಗ ಉಳಿದಿತ್ತು. ಅಷ್ಟನ್ನು ಬಿಡುವುದಕ್ಕೇ ಕ್ಯೂಸೈಗೆ ಎಷ್ಟು ದಿನ ಹಿಡಿಯಿತೋ.

ಮೇಲಿನಿಂದ ಸೋಶಿಚಿಯ ದನಿ: "ಮೊಹೇಯಿಯವರೇ! ನಿಮ್ಮದೇ ಬಾಕಿ!"

ಚಿಲುಮೆಯ ಲೋಹದ ತುದಿಯಿಂದ ಮೀಟಿದ, ತಗಡು ಅಲುಗಲಿಲ್ಲ. ಕ್ಯೂಸೈಯ ಮೊಳೆ ಕತ್ತಿಯ ಹಿಡಿಗೆ ಹಾಕುವ ಮೊಳೆ. ಮೊಹೇಯಿ ತಗಡಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಎರಡನೆಯ ಎಳೆತಕ್ಕೆ ಏನೋ ಕಟಕ್ಕೆಂದಿತು. ಮೊದಲು ಮುರಿದದ್ದು ಹಲ್ಲು, ಆಮೇಲೆ ಮೊಳೆ. ಒಳತಗಡನ್ನೂ ಹೊರಗಿನ ಕಬ್ಬಿಣವನ್ನೂ ಹಿಡಿದಿದ್ದದ್ದು ಅದೇ ಎರಡು ಮೊಳೆಗಳಾದ್ದರಿಂದ ಎರಡೂ ಒಟ್ಟಿಗೆ ಕಳಚಿ ಕೈಗೆ ಬಂದವು. ಅವನು ಅವನ್ನು ಕಿಟಕಿಯಿಂದ ಹೊರಗೆ ಹಾಕಿದ, ಬಾಯಲ್ಲಿದ್ದದ್ದನ್ನು ಅವುಗಳ ಹಿಂದೆಯೇ ಉಗಿದ.

ಮಹಡಿಗೆ ಬಂದು, ತುಟಿ ಬಿಗಿಹಿಡಿದು, ಸಂಚಿಯನ್ನು ಮುಂದಿಟ್ಟ. ಮುಚ್ಚಳ ತನ್ನಷ್ಟಕ್ಕೆ ಜೋಲುಬಿತ್ತು. ಹೊರಗೆ ಕೊಂಡಿ ಇಲ್ಲ, ಒಳಗೆ ತಗಡು ಇಲ್ಲ. ಚರ್ಮದಲ್ಲಿ ಎರಡು ತೂತು. ತಂಬಾಕು ಚಾಪೆಯ ಮೇಲೆ ಚೆಲ್ಲುತ್ತಿತ್ತು.

ಕಾಂಕಿಚಿಗೆ ಈಗ ನೆನಪಾಯಿತು. "ಭಾವ, ನಿಮ್ಮ ಸಂಚಿಯ ಒಳಗೆ..." ಎಂದು ಶುರುಮಾಡಿದವನು ಸಂಚಿಯನ್ನು ನೋಡಿ ಬಾಯಿ ಮುಚ್ಚಿಕೊಂಡ.

ರಿಹೇಯಿ ಬಗ್ಗಿ ಆ ಎರಡು ತೂತುಗಳನ್ನು ನೋಡಿ ಹೇಳಿದ, "ಇವರು ನನ್ನನ್ನೂ ಮೀರಿಸಿದರು."

ಕಿಟಕಿಯ ಪಕ್ಕದ ಆಸನ ಮೊಹೇಯಿಗೆ ಸಿಕ್ಕಿತು. ಮುಂದಿನ ಕೂಟಕ್ಕೆ ಸೋಶಿಚಿ ತನ್ನ ಕೊಂಡಿ ಕೀಳಿಸಿಕೊಂಡು ಬಂದ, ಅದರ ಮುಂದಿನದಕ್ಕೆ ಉಳಿದವರು. ಚಾಪೆಯ ತುಂಬ ತಂಬಾಕು ಎಂದು ಊಟದ ಮನೆಯ ಹೆಂಗಸರು ಗೊಣಗಿದರು. ಕ್ಯೂಸೈ ಸಂಚಿಯ ಕೆಲಸ ಬಿಟ್ಟು, ವಿದೇಶಿಯರಿಗೆ ಹಡಗಿನಲ್ಲಿ ಹೋಗುವ ಹೂದಾನಿಗಳಿಗೆ ಡ್ರ್ಯಾಗನ್ ಕೆತ್ತತೊಡಗಿದ. ಅವರು ಎಷ್ಟು ಡ್ರ್ಯಾಗನ್ ಇದ್ದರೂ ಇನ್ನೊಂದು ಕೇಳುತ್ತಿದ್ದರು. ಕೋತಿ ಏನಾಯಿತು ಎಂದು ಅವನು ಒಮ್ಮೆ ದಾರಿಯಲ್ಲಿ ಓತಕಿಯನ್ನು ಕೇಳಿದ.

"ನೀರಿಗೆ ಇಳೀತು" ಎಂದಳು ಅವಳು.

"ಚಂದ್ರ?"

"ಜೊತೆಗೇ."

ಮೊಹೇಯಿ ಈಗ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಅದೂ ಅಭಿರುಚಿಯೇ ಎಂದು ಕೂಟದವರು ತಿಳಿದಿದ್ದಾರೆ.

ನದಿಗೆ ಹೋದದ್ದು: ಕಬ್ಬಿಣದ ಕೊಂಡಿ ಒಂದು, ಕಪ್ಪು ತಗಡು ಒಂದು, ಅದರ ಮೇಲೆ ಚಂದ್ರ ಒಂದು, ಕೋತಿ ಒಂದು. ಹಲ್ಲು ಒಂದು.